ಎಂಬತ್ತೇಳನೆಯ ದಿನದ ಮಳೆ

2025ರ ಜುಲೈ 10, ಗುರುವಾರ, ಬೆಳಗ್ಗೆ 8 ಗಂಟೆ 30 ನಿಮಿಷ. ಮಾಲೂರು ಬಳಿಯ ಲಕ್ಕೂರಿನ ಮನೆಯ ಹಿತ್ತಲಲ್ಲಿ ಧನಶ್ರೀ ಮಳೆ ಅಳೆಯುವ ಡಬ್ಬಿಯ ನೀರನ್ನು ಗಾಜಿನ ಅಳತೆಗೊಳವೆಗೆ ಬಗ್ಗಿಸಿದಳು. ಅರವತ್ತೆರಡು ಮಿಲಿಲೀಟರ್. ಬಾಯಿ ನೂರು ಚದರ ಸೆಂಟಿಮೀಟರ್ ಇರುವ ಡಬ್ಬಿಯನ್ನೇ ಹುಡುಕಿ ತಂದಿದ್ದರಿಂದ ಲೆಕ್ಕ ಸುಲಭ. ಹತ್ತು ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ. "ಲಕ್ಕೂರು, 6.2" ಎಂದು ಮೊಬೈಲಿನಿಂದ ಕಳಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಅಷ್ಟು ದಿನದ ಸೊನ್ನೆಗಳ ಮೇಲೆ ಒಂದು ಮಳೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಾಲೇಜಿನ ಸೀಟಿಗೆ ಕಾಯುತ್ತಾ ಕಾಯುತ್ತಾ ಅವಳಿಗೆ ಯಾವುದಕ್ಕೂ ಮೈಯೇಳುತ್ತಿರಲಿಲ್ಲ.

ಕಳಿಸಿದ್ದು 'ಕೋಲಾರ ಸೀಮೆ ಮಳೆ ಬಳಗ' ಎಂಬ ಟೆಲಿಗ್ರಾಂ ಗುಂಪಿಗೆ. ಮುನ್ನೂರು ಚಿಲ್ಲರೆ ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಏಪ್ರಿಲ್‌ನಲ್ಲಿ ಸೇರಿದ ದಿನ ಅವಳೂ ಎಲ್ಲ ಹೊಸಬರಂತೆ ತನ್ನ ಪರಿಚಯ ಬರೆದಿದ್ದಳು. "ಸೆಕೆಂಡ್ ಪಿಯುಸಿ ಮುಗೀತು. ಬಿಎಸ್ಸಿ ಅಗ್ರಿ ಓದಬೇಕು. ಎಲ್ಲರೂ ಕಂಪ್ಯೂಟರ್ ಸೈನ್ಸ್ ತಗೋ ಅಂತಾರೆ. ನನಗೆ ಮಣ್ಣು ಇಷ್ಟ, ಮೋಡ ಇಷ್ಟ, ಟೊಮೆಟೊ ಎಲೆ ಯಾಕೆ ಮುದುರುತ್ತೆ ಅನ್ನೋದು ಇಷ್ಟ. ಒಂದು ಅಭಿಪ್ರಾಯ ಹೇಳಲೇ? ಇಲ್ಲಿ 'ಜೋರು ಮಳೆ', 'ಸಖತ್ ಮಳೆ' ಅಂತ ಹಾಕೋರು ಸುಮ್ಮನಿದ್ದರೆ ಒಳ್ಳೇದು. ಅಳೆಯದೆ ಬರೆದದ್ದು ಸುಳ್ಳಿಗೆ ಸಮ."

ಕೊನೆಯ ಮಾತಿಗೆ ಎರಡು ದಿನ ಜಗಳ ನಡೆಯಿತು. ಗುಂಪು ನಡೆಸುವ ಶ್ರೀನಿವಾಸಪುರದ ನಿವೃತ್ತ ಮೇಷ್ಟ್ರು ಮುನಿಕೃಷ್ಣಪ್ಪನವರೇ ಅದನ್ನು ನಿಲ್ಲಿಸಿದರು: "ಹುಡುಗಿ ಹೇಳೋದು ಸರಿ. ತೊಂಬತ್ತು ದಿನ ತಪ್ಪದೆ ಅಳೆದವರ ಹೆಸರು ಮಾತ್ರ ನಂಬಿಕಸ್ಥರ ಪಟ್ಟಿಗೆ." ಆ ಪಟ್ಟಿಯಲ್ಲಿ ಈವರೆಗೆ ಇದ್ದವರು ಮೊದಲಿನಿಂದಲೂ ಅಳೆಯುತ್ತಿದ್ದ ಹತ್ತೇ ಜನ. ಸಿಇಟಿ ಪಟ್ಟಿಯಲ್ಲಿ ಐದಂಕಿಯ ಸಂಖ್ಯೆಯಾಗಿ ಕಳೆದುಹೋಗಿದ್ದ ಧನಶ್ರೀ ಇಲ್ಲಿ ಹನ್ನೊಂದನೆಯವಳಾಗುವವಳಿದ್ದಳು. ಇವತ್ತಿಗೆ ಎಂಬತ್ತೇಳು ದಿನ.

ಮೊಬೈಲು ಗುಂಯ್ ಎಂದಿತು. ಆಂಧ್ರದ ಗಡಿಯ ನಂಗಲಿಯಿಂದ ಫರ್ದೀನ್, ಅವನೂ ಸೀಟಿಗೆ ಕಾಯುತ್ತಿದ್ದವನೇ.

"ನಂಗಲಿ ಸೊನ್ನೆ. ಮಾಲೂರು ಸೊನ್ನೆ. ಲಕ್ಕೂರಿಗೆ ಮಾತ್ರ ಟ್ಯಾಂಕರಲ್ಲಿ ಬಂತಾ ಮೇಡಂ?"

ನಗುವ ಮುಖಗಳು ಸಾಲಾಗಿ ಬಿದ್ದವು. "ಅಳೆದದ್ದು ಅಳೆದದ್ದೇ ಕಣೋ" ಎಂದು ಬರೆದಳು. ಹಿಂದೆಯೇ ಮುನಿಕೃಷ್ಣಪ್ಪನವರ ಸಾಲು ಬಂತು: "ರಾತ್ರಿಯಿಡೀ ಮಾಲೂರು ಕಡೆ ಮೋಡವೇ ಇಲ್ಲಮ್ಮ, ರೇಡಾರ್ ನೋಡಿದೆ. ಇನ್ನೊಂದ್ಸಲ ಪರೀಕ್ಷೆ ಮಾಡು."

ಆಗ ಅವಳು ಸುತ್ತ ನೋಡಿದಳು. ಹುಲ್ಲಿನ ಬಣವೆ ಗರಗರ ಒಣಗಿತ್ತು. ಧೂಳಿನಲ್ಲಿ ಬೆಕ್ಕಿನ ಹೆಜ್ಜೆ ಅಳಿಯದೆ ಇತ್ತು. ಅಳತೆಗೊಳವೆಯನ್ನು ಬಿಸಿಲಿಗೆ ಹಿಡಿದರೆ, ನೀರಿನ ಮೇಲೆ ಸಾಸಿವೆಗಿಂತ ಸಣ್ಣ ಜಿಡ್ಡಿನ ಬೊಟ್ಟುಗಳು. ಮೂಸಿದಳು. ಹಸಿ ಹಾಲಿನ ವಾಸನೆ.

ಕೊಟ್ಟಿಗೆಯ ಮುಂದೆ ಅಜ್ಜಿ ಮುನಿಗಂಗಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು.

"ಅಜ್ಜಿ, ನನ್ ಡಬ್ಬಿಗೆ ನೀರು ಹಾಕ್ದಾ?"

ಅಜ್ಜಿ ತಲೆಯೆತ್ತಲಿಲ್ಲ. "ಅರ್ಧ ಲೋಟ ಅಷ್ಟೇ ಕಣೇ."

"ಯಾಕಜ್ಜಿ?"

"ಯಾಕೇಂದ್ರೆ? ದಿನಾ ಬೆಳಗ್ಗೆ ಅದನ್ನ ನೋಡೋದು, ಸೊನ್ನೆ ಅನ್ನೋದು, ಮುಖ ಸಣ್ಣ ಮಾಡ್ಕೊಂಡು ಫೋನಲ್ಲಿ ಒತ್ತೋದು. ಅಷ್ಟು ಸೊನ್ನೆ ತಗೊಂಡ್ರೆ ಯಾರೇ ಸೀಟು ಕೊಡ್ತಾರೆ ನಿಂಗೆ? ಅಳತೆ ಕಮ್ಮಿ ಬಿದ್ರೆ ನಾಲ್ಕು ಜನರ ಮುಂದೆ ಮಾನ ಹೋಗ್ಬಾರ್ದು ಅಂತ ಸ್ವಲ್ಪ ಸೇರಿಸೋದು. ನಮ್ಮತ್ತೆ ಕಾಲದಿಂದ ಐತೆ."

"ಡೈರಿ ಹಾಲಿಗೂ ಹಾಕ್ತೀಯಾ?"

"ಥೂ, ಅಲ್ಲಿ ಮಿಷನ್ ಐತೆ, ಹಿಡಿದುಬಿಡುತ್ತೆ. ನಿನ್ ಡಬ್ಬೀಲಿ ಮಿಷನ್ ಇಲ್ವಲ್ಲ."

ನಗು ಬರಬೇಕಾದ ಜಾಗದಲ್ಲಿ ಧನಶ್ರೀಗೆ ಸುಸ್ತು ಬಂತು. ಗೋಡೆಗೆ ಒರಗಿದಳು. "ಇವತ್ತೊಂದೇ ಸಲ ತಾನೆ?"

"ಮೂರೋ ನಾಕೋ ಸಲ. ಕೆಂಪು ಹಸು ಕರು ಹಾಕಿದ ವಾರ ಒಂದ್ಸಲ. ಆಮೇಲೆ... ನೆನಪಿಲ್ಲ ತಾಯಿ. ಒಂದಿನ ಮಳೇನೂ ಬಂದಿತ್ತು. ಆದ್ರೂ ಕಮ್ಮಿ ಅನ್ನಿಸ್ತು, ಸೇರಿಸ್ದೆ."

ಧನಶ್ರೀ ಒಳಗಿನಿಂದ ನೋಟ್‌ಬುಕ್ ತಂದಳು. ಸೊನ್ನೆಗಳ ನಡುವೆ ಮಳೆ ಎಂದು ಬರೆದ ದಿನಗಳು ಹದಿನೇಳು. ಕರು ಹುಟ್ಟಿದ್ದು ಮೇ ತಿಂಗಳ ಮೊದಲ ವಾರ. ಅಲ್ಲಿಂದೀಚೆಗೆ ಯಾವುದು ಆಕಾಶದ್ದು, ಯಾವುದು ಅಜ್ಜಿಯ ಲೋಟದ್ದು? ಜಿಡ್ಡು ನೋಡಿ ಹೇಳೋಣವೆಂದರೆ ಆ ನೀರೆಲ್ಲ ದಾಸವಾಳದ ಬುಡ ಸೇರಿ ವಾರಗಳೇ ಆಗಿದ್ದವು.

ಗುಂಪಿನಲ್ಲಿ ಎಲ್ಲರೂ ಕಾಯುತ್ತಿದ್ದರು. 'ಇವತ್ತಿನದು ತಪ್ಪು, ತೊಳೆದ ನೀರು ಸಿಡಿದಿತ್ತು' ಎಂದು ಬರೆದರೆ ಮುಗಿಯಿತು. ಇನ್ನು ಮೂರೇ ದಿನ. ಮತ್ತೆ ಒಂದರಿಂದ ಎಣಿಸಿದರೆ ತೊಂಬತ್ತು ತುಂಬುವುದು ಅಕ್ಟೋಬರ್ ಎಂಟಕ್ಕೆ. ಸೀಟು ಸಿಕ್ಕರೆ ಅಷ್ಟರಲ್ಲಿ ಅವಳು ಯಾವುದೋ ಹಾಸ್ಟೆಲಿನಲ್ಲಿರುತ್ತಾಳೆ. ಈ ಹಿತ್ತಲಿನಿಂದ ತೊಂಬತ್ತು ಇನ್ನು ಆಗುವುದಿಲ್ಲ.

"ಹಳೇದು ಅವರಿಗೆ ಗೊತ್ತಾಗುತ್ತಾ?" ಅಜ್ಜಿ ಮೆಲ್ಲಗೆ ಕೇಳಿದಳು.

"ಇಲ್ಲ."

"ಮತ್ತೆ?"

ಧನಶ್ರೀ ಏಪ್ರಿಲ್‌ನ ತನ್ನ ಪರಿಚಯವನ್ನು ಹುಡುಕಿ ತೆಗೆದು, ಕೊನೆಯ ಸಾಲನ್ನು ಓದಿಕೊಂಡಳು. ಎಷ್ಟು ಜಂಬದಿಂದ ಬರೆದಿದ್ದೆ ಅನ್ನಿಸಿತು. ಅಳಿಸಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಅದರ ಕೆಳಗೇ ಬರೆದಳು:

"ಮನೆಯವರು ಪ್ರೀತಿಯಿಂದ ಡಬ್ಬಿಗೆ ನೀರು ಸೇರಿಸಿದ್ದಾರೆ. ಇವತ್ತಷ್ಟೇ ಅಲ್ಲ, ಮೊದಲೂ. ಯಾವ ದಿನ, ಎಷ್ಟು ಎಂದು ತಿಳಿಯದು. ಲಕ್ಕೂರಿನ ಎಂಬತ್ತೇಳು ದಿನವನ್ನೂ ತೆಗೆದುಹಾಕಿ ಸಾರ್."

ಆಮೇಲೆ ಮುನಿಕೃಷ್ಣಪ್ಪನವರು ಬರೆದದ್ದು ಒಂದೇ ಪದ, "ತೆಗೆದೆ." ಫರ್ದೀನ್ ಅವಳೊಬ್ಬಳಿಗೇ ಬೇರೆಯಾಗಿ ಕಳಿಸಿದ: "ಟ್ಯಾಂಕರ್ ಡ್ರೈವರ್ ಯಾರು, ಅಜ್ಜಿನಾ? ಸಲಾಂ ಹೇಳು." ಓದಿ, ಉತ್ತರ ಬರೆಯಲು ಕೈಯೇಳದೆ ಫೋನನ್ನು ಕಲ್ಲಿನ ಮೇಲೆ ಮಗುಚಿಟ್ಟಳು.

ಮರುದಿನ ಬೆಳಗ್ಗೆ ಎಂಟೂವರೆಗೆ ಅಜ್ಜಿ ಡಬ್ಬಿಯಿಂದ ಹತ್ತು ಮಾರು ದೂರ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಧನಶ್ರೀ ಡಬ್ಬಿಯನ್ನು ಕೊಳವೆಯ ಮೇಲೆ ಬಗ್ಗಿಸಿದಳು, ಕಾದಳು, ಒಳಗೆ ಬೆರಳಾಡಿಸಿ ನೋಡಿದಳು. ಒಣಗಿತ್ತು. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಬರೆದು, ಅದನ್ನೇ ಗುಂಪಿಗೂ ಕಳಿಸಿದಳು.

ಲಕ್ಕೂರು, ಜುಲೈ 11, ಮೊದಲ ದಿನ: 0.0 ಮಿಲಿಮೀಟರ್.