ಕೆಂಪು ನೂಲಿನ ಸಾಲು

"ಗಂಜಿ ಚೆನ್ನಾಗಿ ಹಾಕಮ್ಮ. ಭಾನುವಾರ ಎಲ್ಲರ ಕಣ್ಣೂ ಇದರ ಮೇಲೇ," ಎಂದು ಚರ್ಚಿನ ಗುಮಾಸ್ತ ಪಿಂಚ್ ಪ್ರಾಯಶ್ಚಿತ್ತದ ಬಿಳಿ ಹೊದಿಕೆಯನ್ನು ಇಸ್ತ್ರಿ ಮೇಜಿನ ಮೇಲೆ ಎಸೆದ.

ಬಟ್ಟೆ ಒಗೆಯುವ ತಬಿತಾ ಅದನ್ನು ಮುಟ್ಟಲಿಲ್ಲ. "ಇಪ್ಪತ್ತು ವರ್ಷದಿಂದ ಒಗೀತಿದೀನಿ. ಒಂದ್ಸಲಾನೂ ಗಂಡಸಿನ ಬೆವರಿನ ವಾಸನೆ ಬಂದಿಲ್ವಲ್ಲ ಪಿಂಚಪ್ಪ?"

"ನಿನ್ನ ಬಾಯಿಗೂ ಒಂಚೂರು ಗಂಜಿ ಹಾಕ್ಕೋ," ಎಂದು ಅವನು ಹೊರಟುಹೋದ.

ಮದುವೆಗೆ ಮುಂಚೆ ಬಸುರಾದವಳು ಆ ಹೊದಿಕೆ ಹೊದ್ದು ಚರ್ಚಿನಲ್ಲಿ ತಪ್ಪೊಪ್ಪಿಕೊಳ್ಳಬೇಕೆಂಬುದು ಕಟ್ಟಳೆ. ಈ ಸಲ ಅದು ಆರು ತಿಂಗಳ ಬಸುರಿ ಕೆಜಾಯಾಳಿಗೆ. ಕೂಸಿನ ಅಪ್ಪ, ಕಾಲುಚೀಲ ನೇಯುವ ಜೇಬಸ್ ಅವಳನ್ನು ಮದುವೆಯಾಗಲು ಸಿದ್ಧನೇ ಇದ್ದ. ಆದರೆ ಅವನು ಆ ಕಟ್ಟಳೆಯನ್ನು ಪ್ರಶ್ನಿಸುವ ಕವಿತೆಯೊಂದನ್ನು ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದ್ದ. "ಇವನಿಗೆ ಫ್ರಾನ್ಸಿನ ಕ್ರಾಂತಿಯ ಗಾಳಿ ಬಡಿದಿದೆ," ಎಂದು ಪಾದ್ರಿ ಅದನ್ನು ಹರಿದುಹಾಕಿದರು. ಕೆಜಾಯಾ ಎಲ್ಲರೆದುರು ನಿಂತು 'ನನ್ನ ಪ್ರೀತಿ ಪಾಪ' ಎಂದರೆ ಮಾತ್ರ ಮದುವೆ. ಇಲ್ಲದಿದ್ದರೆ ಹುಟ್ಟುವ ಕೂಸಿಗೆ ದೀಕ್ಷಾಸ್ನಾನವೂ ಇಲ್ಲ.

ಮಧ್ಯಾಹ್ನ ಬಂದ ಕೆಜಾಯಾಳನ್ನು ತಬಿತಾ ಒಲೆಯ ಪಕ್ಕ ಕೂರಿಸಿ ಬಿಸಿ ಗಂಜಿ ಕೊಟ್ಟಳು.

"ಹೇಳ್ತೀಯೇನೇ?"

"ಹೇಳಿದ್ರೆ ಮಗೂಗೆ ಹೆಸರು ಸಿಗುತ್ತೆ ತಬಿತಕ್ಕ. ಆದ್ರೆ ಊರವರು ಕರೆಯೋ ಹೆಸರು ಪಾಪ ಅಂತಾನೇ ಆಗುತ್ತಲ್ಲ!" ಅವಳು ಬಟ್ಟಲನ್ನು ಕೆಳಗಿಟ್ಟಳು. ಯಾವ ಮನೆಯ ಬಟ್ಟೆ ಯಾವುದೆಂದು ಗುರುತು ಹೊಲಿಯುವ ಕೆಂಪು ನೂಲಿನತ್ತ ನೋಡಿದಳು. "ಅಕ್ಕ, ಜೇಬಸ್‌ನ ಒಂದು ಸಾಲನ್ನ ಈ ಹೊದಿಕೆ ಮೇಲೆ ಹೊಲಿದುಬಿಡು. ಬೆನ್ನಿನ ಕಡೆ. ಪಾದ್ರಿಗೆ ಕಾಣೋದು ನನ್ನ ಮುಖ ತಾನೆ?"

ತಬಿತಾ ಕಿಟಕಿಯ ಬೆಳಕಿನಲ್ಲಿ ಕೂತು ಹೊಲಿದಳು. ಸಿಟ್ಟಿಗೆ ಸೂಜಿ ಎರಡು ಸಲ ಬೆರಳಿಗೇ ಇಳಿಯಿತು.

ಭಾನುವಾರ ಚರ್ಚು ತುಂಬಿತ್ತು. ಕೆಜಾಯಾ ಜನರಿಗೆ ಬೆನ್ನು ಹಾಕಿ, ಪಾದ್ರಿಯ ಎದುರು ಬರಿಗಾಲಲ್ಲಿ ನಿಂತಳು.

"ಹೇಳು. ನನ್ನ ಪ್ರೀತಿ ಪಾಪ."

ಅವಳು ಹೊದಿಕೆಯನ್ನು ಬಿಗಿಯಾಗಿ ಎಳೆದುಕೊಂಡಳು. ಬೆನ್ನ ಮೇಲಿನ ಕೆಂಪು ಸಾಲು ಬಿಡಿಸಿಕೊಂಡಿತು.

ಎರಡನೇ ಬೆಂಚಿನಲ್ಲಿ ಮುದಿ ಕುರುಬ ಏಮಸ್ ಕೂತಿದ್ದ. ಬೈಬಲ್ ಓದಲೆಂದು ಪಾದ್ರಿಯೇ ಅವನಿಗೆ ಅಕ್ಷರ ಕಲಿಸಿದ್ದರು. ದನಿ ತೆಗೆಯದೆ ಓದಲು ಅವನಿಗೆ ಬರುತ್ತಿರಲಿಲ್ಲ.

"ಪ್ರೀ... ತಿ... ಗೆ... ಬೀ... ಗ..." ಅವನು ಅವಳ ಬೆನ್ನಿನತ್ತ ಗಾಳಿಯಲ್ಲಿ ಬೆರಳಾಡಿಸುತ್ತ ಓದಿದ. "ಬೀಗ ಜಡಿದವರೇ... ಕೀಲಿ... ಕೊಟ್ಟವರು ಯಾರು?"

"ಏನಂತೆ?" ಎಂದಳು ಕಿವಿ ಮಂದವಾದ ಅವನ ಹೆಂಡತಿ.

ಅವನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿದ.

"ಹೇಳು!" ಪಾದ್ರಿಯ ಮುಷ್ಟಿ ಪೀಠವನ್ನು ಗುದ್ದಿತು.

ಕೆಜಾಯಾ ತುಟಿ ಬಿಗಿದೇ ನಿಂತಳು. ಜೇಬಸ್ ಎದ್ದು ಬಂದು ಅವಳ ಪಕ್ಕ ನಿಂತ. ತಬಿತಾ ನಡುಹಾದಿಯಲ್ಲಿ ನಡೆದುಬಂದು ತನ್ನ ಉಣ್ಣೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ, ಆ ಬರಿಗಾಲುಗಳ ಮುಂದೆ ತಣ್ಣನೆಯ ಕಲ್ಲಿನ ಮೇಲೆ ಹಾಸಿದಳು.