ಕೆಮ್ಮಿಗೆ ಕೊಟ್ಟ ಮದ್ದು

ಹಾಲಾಡಿ ಪೇಟೆಯಲ್ಲಿ ವಿನಯಾ ಎಂಬವಳು ಮೆಡಿಕಲ್ ಅಂಗಡಿ ಇಟ್ಟು ಹದಿನಾಲ್ಕು ವರ್ಷ. ಟಿಲ್ಲರ್ ಓಡಿಸುವ ಪ್ರೇಮಾನಂದ ಹಳೆಯ ಗಿರಾಕಿ. ಎರಡು ವರ್ಷದ ಹಿಂದೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯನ್ನು ತಿಂಗಳು ತಿಂಗಳು ಅವಳೇ ಕೊಡುತ್ತಿದ್ದಳು.

ಆಗಸ್ಟಿನಲ್ಲಿ ಅವನು ಕೆಮ್ಮುತ್ತ ಬಂದ.

"ವಾರ ಆಯ್ತ್, ಕಮ್ಮಿ ಆತಿಲ್ಲ. ಡಾಕ್ಟ್ರತ್ರ ಹೋಪುಕೆ ಪುರ್ಸೊತ್ತಿಲ್ಲ. ಎಂತಾರೂ ಕೊಡಿ."

ಅಂಗಡಿಯಲ್ಲಿ ಆರೇಳು ಜನ ಕಾಯುತ್ತಿದ್ದರು. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ತೆಗೆದಳು. ಒಂದು ವಾರಕ್ಕಾಗುವಷ್ಟು ಕೊಟ್ಟು ಕಳಿಸಿದಳು.

ಏಳನೆಯ ದಿನ ಅಂಗಡಿಯೆದುರು ಆಟೋ ನಿಂತಿತು. ಪ್ರೇಮಾನಂದನ ಹೆಂಡತಿ ರತ್ನ ಇಳಿದು ಬಂದಳು. ಒಳಗೆ ಅವನು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದ.

"ಇವ್ರಿಗೆ ತೊಡೆ, ಬೆನ್ನ್ ಎಲ್ಲ ನೋವಂಬ್ರ್. ಕೂತಲ್ಲಿಂದ ಏಳುಕಾತಿಲ್ಲ. ಮೂತ್ರ ಕಾಪಿ ಬಣ್ಣ ಆಯ್ತ್. ಇದ್ಕೆ ಎಂತ ಮದ್ದ್?"

ವಿನಯಾ ಆಟೋದೊಳಗೆ ಇಣುಕಿ ಅವನನ್ನು ನೋಡಿದಳು. ಓದುವಾಗ ಕಲಿತದ್ದು ಈಗ ನೆನಪಾಯಿತು. ಕ್ಲಾರಿತ್ರೋಮೈಸಿನ್ ಜೊತೆ ಕೂಡಿದರೆ ಸ್ಟ್ಯಾಟಿನ್ ಪ್ರಮಾಣ ಮೈಯಲ್ಲಿ ಏರುತ್ತದೆ. ಅಪರೂಪಕ್ಕೆ ಮಾಂಸಖಂಡ ಒಡೆದು ಕಿಡ್ನಿಗೆ ಪೆಟ್ಟಾಗುತ್ತದೆ.

"ಮದ್ದ್ ಬ್ಯಾಡ ರತ್ನಕ್ಕ. ಈಗ್ಲೇ ಕುಂದಾಪ್ರ ಆಸ್ಪತ್ರೆಗೆ ಹೋಯ್ಕ್," ಎಂದು ಶಟರ್ ಎಳೆದು ತಾನೂ ಆಟೋ ಹತ್ತಿದಳು.

ಆಸ್ಪತ್ರೆಯಲ್ಲಿ ಡಾಕ್ಟರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ಅವರು ಬರೆದುಕೊಂಡರು.

"ಹೇಳಿದ್ದು ಒಳ್ಳೆಯದಾಯಿತು. ಆದರೆ ಅದರಿಂದ ಚೀಟಿ ಇಲ್ಲದೆ ಕೊಟ್ಟ ತಪ್ಪು ಸರಿಹೋಗುವುದಿಲ್ಲ."

"ಗೊತ್ತಿದೆ," ಎಂದಳು.

ಮೂರು ಸಲ ಡಯಾಲಿಸಿಸ್ ಆಯಿತು. ಹದಿನೈದು ದಿನಕ್ಕೆ ಪ್ರೇಮಾನಂದ ಮನೆಗೆ ಬಂದ. ಅಷ್ಟು ದೂರ ಜೊತೆಗೆ ಬಂದಳೆಂದು ರತ್ನ ವಿನಯಾಳ ಕೈ ಹಿಡಿದು ಅತ್ತಳು. ತಾನು ಕೊಟ್ಟ ಮದ್ದಿನಿಂದಲೇ ಹೀಗಾಯಿತೆಂದು ವಿನಯಾ ಅವಳಿಗೆ ಹೇಳಲಿಲ್ಲ.

ತಿಂಗಳು ಕಳೆದು ರತ್ನ ಅಂಗಡಿಗೆ ಬಂದಾಗ ಹೇಳಿದಳು: "ಡಾಕ್ಟ್ರ್ ಬೇರೆ ಕೊಲೆಸ್ಟ್ರಾಲ್ ಗುಳಿಗೆ ಬರ್ದಿರ್, ಸಣ್ಣ ಡೋಸು. ಇವ್ರ್ ತಿಂತಿಲ್ಲ. ಕೊಲೆಸ್ಟ್ರಾಲ್ ಗುಳಿಗೆಯೇ ನನ್ನ ಕೊಲ್ಲುಕೆ ಹೊರ್ಟದ್ದ್ ಅಂತ್ರ್."

ಆ ಭಾನುವಾರ ವಿನಯಾ ಅವರ ಮನೆಗೆ ಹೋದಳು. ಪ್ರೇಮಾನಂದ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ. ನಿಂತುಕೊಂಡೇ ಹೇಳಿದಳು.

"ಪ್ರೇಮಣ್ಣ, ಎರಡ್ ವರ್ಷ ಆ ಗುಳಿಗೆ ತಿಂದ್ರಿ, ಎಂತದೂ ಆಯ್ಲಿಲ್ಲ. ಆದದ್ದ್ ಕೆಮ್ಮಿನ ಮದ್ದ್ ಸೇರಿದ್ಮೇಲೆ. ಅದ್ನ ಕೊಟ್ಟದ್ದ್ ನಾನ್. ಕೇಳ್ದೆ, ಕಾಣ್ದೆ ಕೊಟ್ಟೆ. ತಪ್ಪ್ ನಂದ್."

ಬಾಗಿಲಲ್ಲಿ ನಿಂತಿದ್ದ ರತ್ನ ಹೊರಗೆ ಬಂದಳು.

"ಮತ್ತೆ ಕೊಲೆಸ್ಟ್ರಾಲ್ ಗುಳಿಗೆ ತಿಂದ್ರೆ ಹಾಂಗೇ ಆತಿಲ್ಯಾ?" ಎಂದು ಪ್ರೇಮಾನಂದ ಕೇಳಿದ.

"ಆತೇ ಇಲ್ಲ ಅಂತ ನಾನ್ ಹೇಳೂದಿಲ್ಲ. ಅದ್ಕೇ ಸಣ್ಣ ಡೋಸು, ಆಗಾಗ ರಕ್ತ ಪರೀಕ್ಷೆ. ನೋವು ಬಂದ್ರೆ ಕೂಡ್ಲೆ ಡಾಕ್ಟ್ರಿಗೆ ಹೇಳಿ. ಗುಳಿಗೆ ಬಿಟ್ರೆ ಹೃದಯಕ್ಕೆ ತೊಂದ್ರೆ."

ರತ್ನ ದನಿ ಏರಿಸಲಿಲ್ಲ. "ಇನ್ಮೇಲೆ ನಿಮ್ಮಂಗ್ಡಿಗೆ ನಾವ್ ಬತ್ತಿಲ್ಲ," ಎಂದಳು.

ವಿನಯಾ ತಲೆ ತಗ್ಗಿಸಿ ಮೆಟ್ಟಿಲಿಳಿದಳು. ಮರುದಿನದಿಂದ ಯಾರೇ ಬರಲಿ, ಬೇರೆ ಏನು ಮದ್ದು ತಿನ್ನುತ್ತೀರಿ ಎಂದು ಕೇಳತೊಡಗಿದಳು. ಚೀಟಿ ತನ್ನಿ ಎಂದದ್ದಕ್ಕೆ ಕೆಲವರು ಬೇಸರಿಸಿ ಬೇರೆ ಅಂಗಡಿಗೆ ಹೋದರು.

ನವೆಂಬರಿನ ಒಂದು ಮಧ್ಯಾಹ್ನ ಪ್ರೇಮಾನಂದ ಟಿಲ್ಲರನ್ನು ರಸ್ತೆಯ ಆಚೆ ಬದಿ ನಿಲ್ಲಿಸಿದ.

"ಹ್ವಾಯ್, ಗುಳಿಗೆ ತಿಂತಿದ್ದೆ. ರಕ್ತ ಸರಿ ಇತ್ತಂಬ್ರ್," ಎಂದು ಅಲ್ಲಿಂದಲೇ ವಿನಯಾಳಿಗೆ ಕೂಗಿ ಹೇಳಿದ. ಅಂಗಡಿ ಹತ್ತಲಿಲ್ಲ, ಹಾಗೇ ಹೊರಟುಹೋದ.