ಮೂರನೆಯ ಕ್ಲಚ್ ಪ್ಲೇಟು

ಒಂದೂವರೆ ವರ್ಷದಲ್ಲಿ ಭಾವನ ಕಾರಿಗೆ ನಾನು ಹಾಕಿದ ಮೂರನೆಯ ಕ್ಲಚ್ ಪ್ಲೇಟು ಅದು. ಗೇರ್‌ಬಾಕ್ಸ್ ಇಳಿಸಿ ಹಳೆಯ ಪ್ಲೇಟನ್ನು ಕೈಗೆತ್ತಿಕೊಂಡರೆ ಸುಟ್ಟ ವಾಸನೆ ಗ್ಯಾರೇಜಿನ ತುಂಬ ಹರಡಿತು. ಮೇಲಿನ ಪದರ ಸವೆದು ರಿವೆಟ್ಟುಗಳು ಇಣುಕುತ್ತಿದ್ದವು. ಸರಿಯಾಗಿ ಓಡಿಸಿದರೆ ಒಂದು ಪ್ಲೇಟು ಆರೇಳು ವರ್ಷ ಬರುತ್ತದೆ. ಹೊಸದಾಗಿ ಕಲಿಯುವವರ ಕಾಲಡಿಯಲ್ಲೂ ಎರಡು ವರ್ಷಕ್ಕೆ ಮೋಸವಿಲ್ಲ. ನನ್ನ ಭಾವನಾದರೋ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಗೇರು ಬದಲಾಯಿಸಿದ್ದು ನಿಂತುಕೊಂಡ ಪ್ರಯಾಣಿಕರಿಗೂ ಗೊತ್ತಾಗುತ್ತಿರಲಿಲ್ಲ. ಡಿಪೋದಲ್ಲಿ ಅವರಿಗೆ 'ಬೆಣ್ಣೆ' ಎಂದೇ ಹೆಸರು.

"ಈಗಿನ ಪ್ಲೇಟುಗಳೇ ಹಾಗೆ ಕಣಯ್ಯ. ರಟ್ಟಲ್ಲಿ ಮಾಡ್ತಾರೆ," ಎಂದರು ಭಾವ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದಳು ಅಕ್ಕ. ಅವಳು ಪರದೆ ಹೊಲಿಯುವವಳು. ಹೊಲಿದದ್ದನ್ನು ಮನೆಮನೆಗೆ ತಲುಪಿಸಲು ಕಾರು ಬೇಕೇ ಬೇಕು. ರಿಪೇರಿಗೆ ನಿಂತ ದಿನವೆಲ್ಲ ಅವಳ ಕೆಲಸವೂ ನಿಲ್ಲುತ್ತದೆ.

ಪ್ಲೇಟು ಹಾಗೆ ಸುಡುವುದು ಒಂದೇ ಕಾರಣಕ್ಕೆ. ಎಡಗಾಲು ಪೆಡಲಿನ ಮೇಲೆ ಅರ್ಧ ಒತ್ತಿಕೊಂಡೇ ಇರಬೇಕು, ದಿನವಿಡೀ. ಕಲಿಯುವವರು ಹೆದರಿ ಹಾಗೆ ಇಟ್ಟಿರುತ್ತಾರೆ. ಭಾವ ಇಟ್ಟಿದ್ದು, ಕಾಲು ಅಲ್ಲಿದೆ ಎಂದೇ ಗೊತ್ತಿಲ್ಲದೆ. ಹದಿನೈದು ವರ್ಷದಿಂದ ಅವರಿಗೆ ಸಕ್ಕರೆ ಕಾಯಿಲೆ. ಹೋದ ತಿಂಗಳು ನನ್ನ ಕಣ್ಣೆದುರೇ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು. ಅವರು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಗೇಟಿನವರೆಗೂ ಮಾತಾಡುತ್ತ ನಡೆದು ಹೋದರು.

ಅದೇ ಕಾರಿನಲ್ಲಿ ದಿನಾ ಬೆಳಿಗ್ಗೆ ಇಬ್ಬರು ಮೊಮ್ಮಕ್ಕಳನ್ನು ಶಾಲೆಗೆ ಬಿಡುವವರು ಅವರೇ. ಮಗಳು, ಅಂದರೆ ನನ್ನ ಸೋದರಸೊಸೆ, ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಐದಕ್ಕೇ ಮನೆ ಬಿಡಬೇಕು. ಮಕ್ಕಳ ಅಪ್ಪ ಹಡಗಿನ ಕೆಲಸಗಾರ, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು.

ಕಾರಿಗೂ ಹದಿನೆಂಟು ವರ್ಷವಾಗಿತ್ತು. ಹೊಸದನ್ನು ತೆಗೆದುಕೊಳ್ಳುವುದೆಂದು ಮನೆಯವರು ತೀರ್ಮಾನಿಸಿದರು. ಹಳೆಯದರ ಹಾಗೇ ಎಸ್ಟೇಟ್ ಕಾರೇ ಆಗಬೇಕು: ಚಾವಣಿ ಹಿಂದಿನ ತನಕ ಉದ್ದಕ್ಕೆ ಬಂದು, ಡಿಕ್ಕಿಯಲ್ಲಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ ಇರುವಂಥದ್ದು. ಅಕ್ಕನ ಪರದೆ ಸರಳುಗಳು ಇನ್ನಾವುದರಲ್ಲೂ ಹಿಡಿಯುವುದಿಲ್ಲ. ಡೀಸೆಲ್ ಎನ್ನುವುದರಲ್ಲೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಎರಡೇ: ಒಂದೂವರೆ ಲೀಟರಿನ ಎಂಜಿನ್ನೋ ಎರಡು ಲೀಟರಿನದೋ, ಗೇರು ಕೈಯದೋ ಆಟೋಮ್ಯಾಟಿಕ್ಕೋ.

ಶೋರೂಮಿನ ಪುಸ್ತಕ ಒಂದು ತಿಂಗಳು ಊಟದ ಮೇಜಿನ ಮೇಲೇ ಇತ್ತು.

"ಆಟೋಮ್ಯಾಟಿಕ್ ತಗೊಳ್ಳಿ ಭಾವ. ಎಡಗಾಲಿಗೆ ಕೆಲಸವೇ ಇಲ್ಲ," ಎಂದೆ.

"ಕೆಲಸ ಇಲ್ಲದ ಕಾಲನ್ನ ಎಲ್ಲಿ ಇಡಲಿ? ಮನೇಲಿ ಬಿಟ್ಟು ಬರ್ಲಾ?"

"ಆರಾಮಾಗಿ ಇಟ್ಕೊಳ್ಳಿ."

"ಆರಾಮ ಬೇಕಿದ್ರೆ ಮಂಚ ಇದೆ. ನನಗೆ ಗೇರು ಬೇಕು. ಎರಡು ಲೀಟರ್, ಕೈ ಗೇರು. ಬರಕೋ."

"ಬಾಯಲ್ಲಿ ಎರಡು ಲೀಟರ್ ನೀರು ಬರ್ತಿದೆ ನೋಡು ಇವರಿಗೆ," ಎಂದಳು ಅಕ್ಕ. ಆದರೆ ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ಭಾವನ ಪಕ್ಕ ಕೂತಾಗಲೆಲ್ಲ 'ಈಗ ನಿಧಾನ, ಈಗ ಬ್ರೇಕು' ಎನ್ನುತ್ತಿದ್ದಳಂತೆ ಅವಳು. ಬಾಯಿ ಸುಮ್ಮನಿರದ ಹೆಂಗಸು ಎಂದು ನಾವೆಲ್ಲ ನಗುತ್ತಿದ್ದೆವು. ಆವತ್ತು ಆ ನಗು ನೆನಪಾಗಿ ನನಗೆ ನಾಚಿಕೆಯಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಒಬ್ಬನೇ ಶೋರೂಮಿಗೆ ಹೋಗಿ ಮಾರಾಟದ ಹುಡುಗಿಯನ್ನು ಕಂಡೆ. ಚುರುಕು ಹುಡುಗಿ. "ನಮ್ಮ ಭಾವನಿಗೆ ದೊಡ್ಡ ಎಂಜಿನ್ ಮೇಲೆ ಆಸೆ. ಅದು ಆಟೋಮ್ಯಾಟಿಕ್‌ನಲ್ಲಿ ಮಾತ್ರ ಬರೋದು ಅಂತ ಹೇಳಮ್ಮ," ಎಂದೆ.

"ಎರಡರಲ್ಲೂ ಬರುತ್ತೆ ಸರ್."

"ಗೊತ್ತು."

ಅವಳು ನನ್ನನ್ನು ಒಂದು ಕ್ಷಣ ಅಳೆದಳು. ಆಟೋಮ್ಯಾಟಿಕ್ ಬೆಲೆ ಹೆಚ್ಚು, ಅವಳಿಗೇನೂ ನಷ್ಟವಿಲ್ಲ. "ಆಯ್ತು ಸರ್. ಹಾಗೇ ಹೇಳ್ತೀನಿ. ಕೈ ಗೇರಿನದು ಈಗ ಸ್ಟಾಕ್ ಇಲ್ಲ, ಪೂರ್ತಿ ಸುಳ್ಳೇನೂ ಆಗಲ್ಲ," ಎಂದಳು.

ಭಾವ ಒಪ್ಪಿದರು. ನಾನು ನೆನೆಸಿದ್ದಕ್ಕಿಂತ ಸುಲಭವಾಗಿ ಒಪ್ಪಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಓಡಿಸಿ ನೋಡಲು ಹೋದ ದಿನ ಭಾವ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ನಾನು, ಹಿಂದೆ ಹುಡುಗಿ. ಮುಖ್ಯರಸ್ತೆಯಲ್ಲಿ ಹತ್ತು ನಿಮಿಷ ಕಾರು ಎಣ್ಣೆ ಹಾಕಿದ ಹಾಗೆ ಹೋಯಿತು. ಎಡಗಾಲು ನೆಂಟರ ಮನೆಯಲ್ಲಿ ಕೂತಂತೆ ಸುಮ್ಮನಿತ್ತು. ಗೆದ್ದೆ ಎಂದುಕೊಂಡೆ. ವಾಪಸ್ಸು ಶೋರೂಮಿನ ಅಂಗಳಕ್ಕೆ ತಿರುಗಿದೆವು. ಎದುರಿಗೆ ಗೋಡೆ. ಗೋಡೆಯ ಪಕ್ಕ ಒಬ್ಬ ಕೆಲಸದವನು ಬಗ್ಗಿ ಕಾರು ತೊಳೆಯುತ್ತಿದ್ದ. ನಿಲ್ಲಬೇಕಿದ್ದ ಕಡೆ ಕಾರು ನಿಲ್ಲಲಿಲ್ಲ. ಮುಂದಕ್ಕೆ ನುಗ್ಗಿತು.

"ಬ್ರೇಕು, ಭಾವ."

"ಒತ್ತಿದ್ದೀನಿ. ನಿಲ್ತಾ ಇಲ್ಲ."

ನನ್ನ ಕೈ ತಾನಾಗಿ ಗೇರಿನ ಹಿಡಿಯನ್ನು ನ್ಯೂಟ್ರಲ್‌ಗೆ ತಳ್ಳಿ ಪಾರ್ಕಿಂಗ್ ಬ್ರೇಕಿನ ಗುಂಡಿ ಎತ್ತಿತು. ಕಾರು ಮುಗ್ಗರಿಸಿ ನಿಂತಿತು. ಗೋಡೆಗೂ ನಮಗೂ ಒಂದು ಗೇಣು. ತೊಳೆಯುತ್ತಿದ್ದವನು ಪೈಪು ಹಿಡಿದುಕೊಂಡೇ ನೆಟ್ಟಗಾದ. ಕಾರು ನಿಂತರೂ ಎಂಜಿನ್ ಮಾತ್ರ ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇತ್ತು. ಭಾವ ತಲೆ ಬಗ್ಗಿಸಿ ಕೆಳಗೆ ನೋಡಿದರು. ಅವರ ಬಲಗಾಲು ಆಕ್ಸಿಲರೇಟರಿನ ಮೇಲಿತ್ತು. ಅದನ್ನು ನೋಡಿದ ಮೇಲೆಯೇ ಅವರು ಎತ್ತಿದ್ದು.

"ಪಿಕಪ್ ಜಾಸ್ತಿ ಸರ್ ಇದಕ್ಕೆ. ಮೊದಲ ಸಲ ಎಲ್ಲರಿಗೂ ಹೀಗೇ," ಎಂದಳು ಹುಡುಗಿ ಹಿಂದಿನಿಂದ.

"ಒಳ್ಳೇ ಗಾಡಿ," ಎಂದು ಭಾವ ಕೀಲಿ ಕೊಟ್ಟರು.

ಎಡಗಾಲೊಂದೇ ಎಂದುಕೊಂಡಿದ್ದೆ. ಬಲಗಾಲೂ ಹೋಗಿತ್ತು. ಜೋಮು ಹಿಡಿದ ಬಲಗಾಲಿನ ಕೆಳಗೆ ಸಿಗುವುದರಲ್ಲೆಲ್ಲ ದೊಡ್ಡ ಎಂಜಿನ್ ಇಟ್ಟವನು ನಾನು. ತೋಡಿದ ಹಳ್ಳ ನನ್ನದು, ಬೀಳಬೇಕಾದವರು ಬೇರೆ.

ಹಳೆಯ ಕಾರಿನ ಹತ್ತಿರ ಬಂದು, "ನಾನು ಓಡಿಸ್ತೀನಿ, ಕೊಡಿ," ಎಂದೆ. ಅವರು ಕೊಡಲಿಲ್ಲ, ಸ್ಟಾರ್ಟೂ ಮಾಡಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಕೂತರು.

"ದೊಡ್ಡ ಎಂಜಿನ್ನಿಗೂ ಕೈ ಗೇರು ಇದೆ ಅಂತ ನನಗೆ ಗೊತ್ತಯ್ಯ. ಪುಸ್ತಕದಲ್ಲೇ ಬರೆದಿದೆ, ಹನ್ನೊಂದನೇ ಪುಟ. ನನ್ನ ಭಾಮೈದ ನನಗೋಸ್ಕರ ಕಷ್ಟಪಟ್ಟು ಸುಳ್ಳು ಹೇಳಿಸಿದ್ದಾನೆ, ಯಾಕೆ ಬೇಜಾರು ಮಾಡೋದು ಅಂತ ಸುಮ್ಮನಿದ್ದೆ."

ನಾನು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ.

"ಪಾದ ಎರಡೂ ಹೋಗಿ ವರ್ಷ ಆಯ್ತು," ಎಂದರು ಅವರು, ಬಸ್ಸಿನ ವೇಳೆ ಹೇಳುವವರ ಹಾಗೆ. "ಮಂಡಿ ಇನ್ನೂ ಇದೆ. ಕ್ಲಚ್ ಒತ್ತಿದ್ರೆ ಅದರ ಸ್ಪ್ರಿಂಗು ಮಂಡಿಗೆ ತಿಳಿಯುತ್ತೆ. ಗೇರು ಅಂಗೈಗೆ ತಿಳಿಯುತ್ತೆ. ತಪ್ಪು ಮಾಡಿದ್ರೆ ಎಂಜಿನ್ನು ಕೆಮ್ಮಿ ನಿಂತು ಹೋಗುತ್ತೆ. ಗಾಡಿ ನನ್ನನ್ನ ಬೈಯುತ್ತೆ ಕಣೋ. ನೀನು ಕೊಡಿಸೋಕೆ ಹೊರಟಿರೋದು ಬೈಯೋದಿಲ್ಲ. ತಪ್ಪು ಮಾಡಿದ್ರೂ, ಆಗಲಿ ಯಜಮಾನ್ರೇ ಅಂತ ಹೋಗ್ತಾ ಇರುತ್ತೆ."

ಮೂರು ಪ್ಲೇಟು ಕೈಯಲ್ಲಿ ಹಿಡಿದು ನೋಡಿದವನಿಗೆ ತಿಳಿಯದ್ದು ಅವರ ಮಂಡಿಗೆ ತಿಳಿದಿತ್ತು. ಹಟ ಎಂದು ನಾನು ತಿಳಿದದ್ದು ಹಟವಲ್ಲ, ಲೆಕ್ಕಾಚಾರ. ಆದರೆ ಆ ಲೆಕ್ಕಾಚಾರವೂ ಎಷ್ಟು ದಿನ? ಪಾದ ಹೋದ ದಾರಿಯಲ್ಲೇ ಮಂಡಿಯೂ ಹೋಗುತ್ತದೆ. ಕೈ ಗೇರು ಎಂದರೂ ತಪ್ಪು, ಆಟೋಮ್ಯಾಟಿಕ್ ಎಂದರೂ ತಪ್ಪು. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು.

"ಭಾವ, ಕೆಲಸದವನು ಒಂದು ಹೆಜ್ಜೆ ಈಚೆ ಇದ್ದಿದ್ರೆ?"

"ಗೊತ್ತು."

"ಹಿಂದೆ ಮಕ್ಕಳಿರ್ತಾರೆ."

"ಗೊತ್ತು ಅಂದ್ನಲ್ಲ." ನನ್ನ ಕಡೆ ತಿರುಗಿ ಅಂದರು, "ನೀನು ಮೆಕ್ಯಾನಿಕ್ಕು. ಎಷ್ಟೋ ಜನಕ್ಕೆ ಹೇಳಿದ್ದೀಯ, ಈ ಎಂಜಿನ್ನಿನ ಕಥೆ ಮುಗೀತು, ಇನ್ನು ಇದರ ಮೇಲೆ ಸುರೀಬೇಡಿ ಅಂತ. ನನಗೂ ಹೇಳು. ನೀನು ಬೇಡ ಅಂದ್ರೆ ಇವತ್ತೇ ಬಿಡ್ತೀನಿ."

ಹೇಳಬೇಕಿತ್ತು. ಒಂದೇ ಒಂದು ಮಾತು. ಗ್ಯಾರೇಜಿಗೆ ಬರುವ ಅಪರಿಚಿತರಿಗೆ ಹೇಳುವಾಗ ನಾನು ಕೈ ಒರೆಸಿಕೊಳ್ಳುತ್ತ ಹೇಳಿಬಿಡುತ್ತೇನೆ. ನನಗೆ ಹದಿನಾಲ್ಕು ವರ್ಷವಿದ್ದಾಗ ಖಾಲಿ ಬಸ್ಸಿನಲ್ಲಿ ತಮ್ಮ ಕೈಯನ್ನು ನನ್ನ ಕೈಯ ಮೇಲಿಟ್ಟು ಗೇರು ಕಲಿಸಿದವರು ಅವರು. ನಾನು ಕಿಟಕಿಯಾಚೆ ನೋಡಿದೆ. "ಡಾಕ್ಟರನ್ನ ಒಂದು ಮಾತು ಕೇಳೋಣ," ಎಂದೆ.

"ಅವರು ಹೇಳಿ ಆರು ತಿಂಗಳಾಯ್ತು," ಎಂದು ಭಾವ ಸ್ಟಾರ್ಟ್ ಮಾಡಿದರು. ಮನೆ ಮುಟ್ಟುವ ತನಕ ಒಂದು ಕಡೆಯೂ ಜರ್ಕಾಗಲಿಲ್ಲ. ಕೆಟ್ಟದಾಗಿ ಓಡಿಸಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಆ ಸಂಜೆ ಅಕ್ಕನ ಹೊಲಿಗೆ ಕೋಣೆಯಲ್ಲಿ ಸೋದರಸೊಸೆಯನ್ನು ಕೂರಿಸಿ ಎಲ್ಲ ಹೇಳಿದೆ. ಅವಳು ಕಿರುಚಾಡಲಿಲ್ಲ. ಕೈಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಅಮ್ಮ, ನಿನಗೆ ಗೊತ್ತಿತ್ತಾ?"

ಅಕ್ಕ ಯಂತ್ರದ ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು. ದಾರ ಹೋಗಲಿಲ್ಲ. "ಪಕ್ಕದಲ್ಲಿ ನಾನಿರ್ತೀನಲ್ಲ ಅಂದ್ಕೊಂಡೆ. ಹೇಳ್ತಾ ಇದ್ರೆ ಆಗುತ್ತೆ ಅಂದ್ಕೊಂಡೆ. ಬೈಕೊಂಡೇ ಇದ್ದೆ. ಅಷ್ಟಾದ್ರೂ ಕೇಳ್ತಿದ್ರು."

"ಮಾವ, ಬೆಳಿಗ್ಗೆ ನೀನೇ ಬಂದು ಮಕ್ಕಳನ್ನ ಶಾಲೆಗೆ ಬಿಡ್ತೀಯಾ? ಸಂಜೆ ನಾನಿರ್ತೀನಿ, ನಡ್ಕೊಂಡು ಕರ್ಕೊಂಡು ಬರ್ತೀನಿ."

"ಅದಕ್ಕೇನು, ಗ್ಯಾರೇಜು ಒಂಬತ್ತಕ್ಕೆ ತೆಗೀತೀನಿ," ಎಂದೆ.

ಭಾವನಿಗೆ ಹೇಳಿದಾಗ ಅವರು ತಲೆಯಾಡಿಸಿದರು. "ಒಳ್ಳೇದೇ ಆಯ್ತು. ನಾನೂ ಒಂದಷ್ಟು ಹೊತ್ತು ಮಲಗ್ತೀನಿ," ಎಂದರು. ಅಷ್ಟು ಸುಲಭಕ್ಕೆ ಒಪ್ಪಿದ್ದು ಇದು ಎರಡನೆಯ ಸಲ. ನಾನು ಪಾಠ ಕಲಿಯಬೇಕಿತ್ತು.

ಶಾಲೆ ಎಂಟೂವರೆಗೆ. ಮರುದಿನ ಎಂಟಕ್ಕೆ ಹೋದೆ. ಕಾರಿರಲಿಲ್ಲ. ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ಪರದೆಯ ಗಿರಾಕಿ ಯಾರೋ ಬಂದು ಮಾತಾಡುತ್ತಿದ್ದಾಗ ಹೊರಟರಂತೆ. ಇಬ್ಬರೂ ರಸ್ತೆ ನೋಡುತ್ತ ನಿಂತೆವು. ಹಿಂದೆ ಹೋಗೋಣವೆಂದರೆ ಶಾಲೆಗೆ ಎರಡು ದಾರಿ, ಯಾವುದರಲ್ಲಿ ಹೋದರೋ. ಇಪ್ಪತ್ತು ನಿಮಿಷದ ಮೇಲೆ ತಿರುವಿನಲ್ಲಿ ಕಾರು ಕಂಡಿತು. ನಿಧಾನವಾಗಿ ಬಂದು, ಒಂದೇ ಏಟಿಗೆ ರಿವರ್ಸ್ ಹಾಕಿ, ಗೋಡೆಗೆ ಎರಡು ಬೆರಳು ಬಿಟ್ಟು ನಿಂತಿತು.

"ನೋಡು, ಏನೂ ಆಗ್ಲಿಲ್ಲ," ಎಂದರು ಭಾವ.

ಏನೂ ಆಗಿರಲಿಲ್ಲ.

ಅಂದು ಸಂಜೆ ಕಾರಿನ ಡೀಸೆಲ್ ಪಂಪಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಬೆಳಿಗ್ಗೆ ಹೊಸ ಫ್ಯೂಸು ಹಾಕಿಕೊಂಡು ಹೋಗಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರ ಹತ್ತಿರ ಒಂದು ಫ್ಯೂಸು ಇರುವುದಿಲ್ಲವೇ? ಅಕ್ಕ ಕೀಲಿ ಬಚ್ಚಿಟ್ಟಳು. ಎರಡನೆಯ ಕೀಲಿ ಹೊರಗೆ ಬಂತು. ಅದನ್ನೂ ಬಚ್ಚಿಟ್ಟಳು. ಭಾವ ಮಾತಿಲ್ಲದೆ, ಊಟವಿಲ್ಲದೆ ಎರಡು ದಿನ ಕಾರಿನೊಳಗೆ ಕೂತರು. ಮೂರನೆಯ ದಿನ ಅಕ್ಕನೇ ಕೀಲಿ ತಂದು ಕಿಟಕಿಯಿಂದ ಕೊಟ್ಟಳು. ಮಗಳು ಬೇಕರಿಗೆ ರಜೆ ಹಾಕಿ ಒಂದು ವಾರ ಮನೆಯಲ್ಲಿದ್ದಳು. ವಾರದ ಮೇಲೆ ಕೆಲಸ ಹೋಗುತ್ತದೆ ಎಂದು ಬೇಕರಿಯವರು ಹೇಳಿ ಕಳಿಸಿದರು.

ಶೋರೂಮಿನ ಹುಡುಗಿ ಫೋನು ಮಾಡುತ್ತಲೇ ಇದ್ದಾಳೆ. "ಯಾವ ಎಂಜಿನ್ ಸರ್? ಗೇರು ಯಾವುದು? ಹೇಳಿದ್ರೆ ಬುಕ್ ಮಾಡ್ತೀನಿ."

"ಇನ್ನೂ ತೀರ್ಮಾನ ಆಗಿಲ್ಲಮ್ಮ," ಎನ್ನುತ್ತೇನೆ.

"ಈ ತಿಂಗಳ ಸ್ಟಾಕ್ ಹೋಗುತ್ತೆ ಸರ್."

"ಹೋಗಲಿ."

ಈಗ ನಾನು ಏಳೂಕಾಲಿಗೆ ಹೋಗುತ್ತೇನೆ. ಭಾವ ಏಳಕ್ಕೇ ಹೊರಟಿರುತ್ತಾರೆ. ಜಗಳವಿಲ್ಲ, ಮಾತಿಲ್ಲ. ನಾನು ಕಾಲು ಗಂಟೆ ಮೊದಲು ಬಂದರೆ ಅವರು ಅರ್ಧ ಗಂಟೆ ಮೊದಲು ಹೊರಡುತ್ತಾರೆ. ಶಾಲೆ ತೆರೆಯುವ ತನಕ ಮೂವರೂ ಕಾರಿನಲ್ಲೇ ಕೂತಿರುತ್ತಾರಂತೆ. ಚಿಕ್ಕವಳು ಅಲ್ಲೇ ಇನ್ನೊಂದು ನಿದ್ದೆ ಮಾಡುತ್ತಾಳೆ.

"ನೀವಿಬ್ಬರೂ ಸ್ವಲ್ಪ ಲೇಟಾಗಿ ಏಳಬಾರದಾ, ಮಾಮಾತಾತ?" ಎಂದು ನಿನ್ನೆ ದೊಡ್ಡವನು ಕೇಳಿದ. "ಗೇಟು ತೆಗೆಯೋರೇ ಇನ್ನೂ ಬಂದಿರಲ್ಲ."

ನಾಳೆ ಆರೂವರೆಗೆ ಹೋಗಬೇಕು.